ಶಾಲೆಯಲ್ಲಿ ರಗ್ಬಿ ಶುರು ಮಾಡ್ತಿದೀವಿ: ಟ್ಯಾಕಲ್ ಯಾವಾಗ, ಹೇಗೆ ಹೇಳಿಕೊಡೋದು?

ಪಿಟಿ_ಮಾಸ್ಟರ್_ಕೆಂಗೇರಿ
ಎಲ್ಲರಿಗೂ ನಮಸ್ಕಾರ. ಕೆಂಗೇರಿ ಕಡೆ ಒಂದು ಹೈಸ್ಕೂಲಿನಲ್ಲಿ ಪಿಟಿ ಮಾಸ್ಟರ್ ನಾನು. ಇಷ್ಟು ವರ್ಷ ಕಬಡ್ಡಿ, ಖೋಖೋ, ಅಥ್ಲೆಟಿಕ್ಸ್ ನೋಡ್ಕೊಂಡು ಬಂದವನು. 2025ರ ಜೂನ್‌ನಲ್ಲಿ ಮುಂಬೈನಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೀತಲ್ಲ, ಅದನ್ನ ಟೀವಿಯಲ್ಲಿ ನೋಡಿದಾಗಿನಿಂದ ನಮ್ಮ ಮ್ಯಾನೇಜ್‌ಮೆಂಟಿಗೆ ಹುರುಪು ಬಂದಿದೆ. ಈಗ "ನಮ್ಮಲ್ಲೂ ಒಂದು ಟೀಮ್ ಆಗ್ಲಿ ಮಾಸ್ಟ್ರೇ" ಅಂತಿದಾರೆ.

ಆರನೇ ಕ್ಲಾಸಿನಿಂದ ಒಂಬತ್ತನೇ ಕ್ಲಾಸಿನವರೆಗಿನ ಮಕ್ಕಳು. ಒಬ್ಬ ಕಡ್ಡಿ ಹಾಗಿದ್ದರೆ ಇನ್ನೊಬ್ಬ ನನ್ನಷ್ಟೇ ದಪ್ಪ. ಗ್ರೌಂಡು ಗಟ್ಟಿ ಕೆಂಪು ಮಣ್ಣು, ಫೆಬ್ರವರಿ ಬಂತಂದ್ರೆ ಸಿಮೆಂಟೇ ಸರಿ. ಪೋಷಕರು ಮೊದಲ ಮೀಟಿಂಗಲ್ಲೇ ಹೆಲ್ಮೆಟ್ ಕೊಡ್ತೀರಾ ಅಂತ ಕೇಳಿದರು. ನನಗಿರೋ ಭಯ ಟ್ಯಾಕಲ್, ಅಂದ್ರೆ ಚೆಂಡು ಹಿಡಿದು ಓಡೋನನ್ನ ಹಿಡಿದು ಬೀಳಿಸೋದು, ಅದೊಂದರದ್ದೇ. ಯಾವ ವಯಸ್ಸಿಗೆ ಶುರು ಮಾಡಬೇಕು, ಹೇಗೆ ಹೇಳಿಕೊಟ್ಟರೆ ಮಕ್ಕಳು ಕುತ್ತಿಗೆ ಮುರ್ಕೊಳ್ಳಲ್ಲ? ಆಡಿದವರು, ಆಡಿಸಿದವರು ಯಾರಾದ್ರೂ ಇದ್ರೆ ಹೇಳಿ.

ಬನಶಂಕರಿ_ಬಾಯ್
ಹೆಲ್ಮೆಟ್ಟು ಅಮೆರಿಕನ್ ಫುಟ್‌ಬಾಲಿಗೆ ಸರ್. ಇದು ಬೇರೆ ಆಟ.

ಹಳೇ_ಫ್ಲೈಹಾಫ್
ಮಾಸ್ಟ್ರೇ, ಮೊದಲು ಕೇಳಿ ಆಮೇಲೆ ಶುರು ಮಾಡ್ತಿದೀರಲ್ಲ, ಅದೇ ಸಮಾಧಾನ. ಬಹಳ ಕಡೆ ಯೂಟ್ಯೂಬ್ ನೋಡಿ ನೇರವಾಗಿ ಡಿಕ್ಕಿ ಹೊಡೆಸೋಕೆ ಶುರು ಮಾಡ್ತಾರೆ.

ಮೊದಲ ಮೂರು ನಾಲ್ಕು ತಿಂಗಳು ಟ್ಯಾಕಲ್ ಮಾತೇ ಬೇಡ. ಟ್ಯಾಗ್ ರಗ್ಬಿ ಆಡಿಸಿ. ಸೊಂಟಕ್ಕೆ ಬೆಲ್ಟು, ಎರಡೂ ಕಡೆ ವೆಲ್ಕ್ರೋ ಪಟ್ಟಿ. ಪಟ್ಟಿ ಕಿತ್ತರೆ ಟ್ಯಾಕಲ್ ಆದ ಲೆಕ್ಕ. ರಗ್ಬಿ ಹುಟ್ಟಿದ ಇಂಗ್ಲೆಂಡಲ್ಲೇ 7 ಮತ್ತು 8 ವರ್ಷದೊಳಗಿನವರ ಗುಂಪುಗಳಿಗೆ ಟ್ಯಾಗ್ ಮಾತ್ರ, ಟ್ಯಾಕಲ್ ಬರೋದು 9 ವರ್ಷದೊಳಗಿನವರ ಗುಂಪಿನಿಂದ. ಅವರು ಅಷ್ಟು ಬೇಗ ಶುರು ಮಾಡ್ತಾರಲ್ಲ, ನಮ್ಮ ಮಕ್ಕಳು ಹದಿಮೂರಾಗಿದ್ದಾರೆ ಅಂತ ನೇರ ಟ್ಯಾಕಲ್‌ಗೆ ಇಳಿಸಬೇಡಿ. ಆ ಮಕ್ಕಳಿಗೆ ಅಷ್ಟರಲ್ಲಿ ಎರಡು ವರ್ಷ ಚೆಂಡು ಹಿಡಿದು ಓಡಿದ ಅಭ್ಯಾಸ ಆಗಿರುತ್ತೆ, ಅದೂ ಹುಲ್ಲಿನ ಮೇಲೆ. ನಿಮ್ಮವರಿಗೆ ಚೆಂಡನ್ನ ಹಿಂದಕ್ಕೇ ಪಾಸ್ ಮಾಡಬೇಕು ಅನ್ನೋದೇ ತಲೆಗೆ ಹತ್ತೋಕೆ ಒಂದು ತಿಂಗಳು ಬೇಕು.

ರಗ್ಬಿಯ ಜಾಗತಿಕ ಸಂಸ್ಥೆ ವರ್ಲ್ಡ್ ರಗ್ಬಿಯವರ ಆನ್‌ಲೈನ್ ಕೋರ್ಸುಗಳಿವೆ. 'ರಗ್ಬಿ ರೆಡಿ' ಒಂದು, ತಲೆಪೆಟ್ಟಿನ ಬಗ್ಗೆ ಇನ್ನೊಂದು. ಎರಡೂ ಫ್ರೀ. ಇವತ್ತೇ ರಾತ್ರಿ ಕೂತು ಮುಗಿಸಿಬಿಡಿ.

ಮಲ್ಲೇಶ್ವರಂ_ಮಾವ
ಏನ್ ಸ್ವಾಮಿ ಇದು, ಬೆಲ್ಟು, ವೆಲ್ಕ್ರೋ, ಕೋರ್ಸು. ನಮ್ಮ ಕಾಲದಲ್ಲಿ ಗೋಲಿ ಬಿಟ್ಟರೆ ಮಿಕ್ಕ ಆಟದಲ್ಲೆಲ್ಲ ರಕ್ತ ಬರ್ತಿತ್ತು. ಮೊಣಕಾಲಿಗೆ ಅರಿಶಿನ ಮೆತ್ಕೊಂಡು ಮತ್ತೆ ಆಡ್ತಿದ್ವಿ. ಯಾರಿಗೇನಾಯ್ತು? ಈಗಿನ ಮಕ್ಕಳನ್ನ ಹತ್ತಿಯಲ್ಲಿ ಸುತ್ತಿ ಬೆಳೆಸ್ತಿದೀರಿ.

ಫಿಸಿಯೋ_ಅಕ್ಕ
ಮಾವ, ಮೊಣಕಾಲಿಗೆ ಅರಿಶಿನ ಹಚ್ಚಬಹುದು. ಮೆದುಳಿಗೆ ಎಲ್ಲಿ ಹಚ್ಚೋದು?

ಬಿಸಿಬೇಳೆ_ಬ್ರೋ
😂😂 ಮಾವ ಔಟ್

ಕಬಡ್ಡಿ_ಕಾರ್ನರ್
ನಮಸ್ಕಾರ್ರಿ. ನಾ ಧಾರವಾಡದಾಂವ, ಈಗ ಪೀಣ್ಯಾದಾಗ ಕೆಲಸ. ಸರ್, ನೀವು ಕಬಡ್ಡಿ ಕಲಿಸಿದವ್ರು ಅಂದಮ್ಯಾಲೆ ಅರ್ಧ ಕೆಲಸ ಮುಗದದ ನೋಡ್ರಿ. ಮೈಗೆ ಮೈ ತಾಗಿದ್ರ ಹೆದರೋದಿಲ್ಲ ಆ ಹುಡುಗ್ರು. ಆ್ಯಂಕಲ್ ಹೋಲ್ಡ್, ಥೈ ಹೋಲ್ಡ್, ಡ್ಯಾಶ್, ಎಲ್ಲಾ ಬರ್ತದ. ರಗ್ಬಿ ಟ್ಯಾಕಲ್ ಅಂದ್ರ ಇನ್ನೇನದ? ಟ್ಯಾಗ್ ಗೀಗ್ ಅಂತ ತಿಂಗಳುಗಟ್ಟಲೆ ಯಾಕ ಹಾಳ ಮಾಡ್ತೀರಿ?

ಹಳೇ_ಫ್ಲೈಹಾಫ್
ಗುರುಗಳೇ, ಧೈರ್ಯದ ಮಾತು ಒಪ್ಪಿದೆ. ಕಬಡ್ಡಿ ಹುಡುಗರನ್ನ ಕಂಡರೆ ನನಗೂ ಆಸೆ. ಆದರೆ ತಂತ್ರದಲ್ಲಿ ಅವರದೇ ಹೆಚ್ಚು ಅಪಾಯ, ಯಾಕೆ ಅಂತ ಹೇಳ್ತೀನಿ.

ಕಬಡ್ಡಿ ರೈಡರ್ ಕಾರ್ನರ್ ಹತ್ತಿರ ಬಂದಾಗ ಹೆಚ್ಚುಕಡಿಮೆ ನಿಂತಿರ್ತಾನೆ, ಇಲ್ಲವೇ ಹಿಂದೆ ಸರೀತಿರ್ತಾನೆ. ಕಾಲಿಗೆ ಬಿದ್ದು ಹಿಡಿದರೂ ತಲೆಗೆ ಬೀಳೋ ವೇಗ ಕಮ್ಮಿ. ರಗ್ಬಿಯಲ್ಲಿ ಚೆಂಡು ಹಿಡಿದವನು ಪೂರ್ತಿ ವೇಗದಲ್ಲಿ ನಿಮ್ಮ ಕಡೆಗೇ ಬರ್ತಾನೆ. ಅಲ್ಲಿ ತಲೆ ತಗ್ಗಿಸಿ ಪಾದಕ್ಕೆ ಡೈವ್ ಹೊಡೆದರೆ ಅವನ ಮೊಣಕಾಲು ಸೀದಾ ಕಪಾಳಕ್ಕೆ. ತಲೆಪೆಟ್ಟು ಜಾಸ್ತಿ ಆಗೋದು ಚೆಂಡು ಹಿಡಿದವನಿಗಲ್ಲ, ಅವನನ್ನ ಹಿಡಿಯೋಕೆ ಹೋದವನಿಗೆ. ಇದು ಪೋಷಕರಿಗೂ ಗೊತ್ತಿರಲ್ಲ. ಇನ್ನು ಕಬಡ್ಡಿಯ ಚೈನ್, ಇಬ್ಬರು ಕೈಹಿಡಿದು ಬರೋದು. ಅದೇ ಚಾಳಿ ಇಲ್ಲಿ ಬಂದರೆ ನಮ್ಮವರ ತಲೆ ತಲೆಗೇ ಡಿಕ್ಕಿ.

ಮಾಸ್ಟ್ರೇ, ನಾನು ಹೇಳಿಕೊಡೋ ಕ್ರಮ ಇದು. ಮೊದಲು ಬೀಳೋದು ಕಲಿಸಿ. ಚೆಂಡನ್ನ ಎರಡೂ ಕೈಯಲ್ಲಿ ಎದೆಗೆ ಒತ್ತಿ, ಗದ್ದ ಒಳಗೆ ಎಳ್ಕೊಂಡು, ತೊಡೆ, ಸೊಂಟ, ಭುಜ ಅಂತ ಪಕ್ಕಕ್ಕೆ ಉರುಳೋದು. ಕೈಯೂರಿ ಬಿದ್ದರೆ ಮಣಿಕಟ್ಟು ಹೋಗುತ್ತೆ. ಆಮೇಲೆ ಇಬ್ಬರೂ ಮಂಡಿಯೂರಿ ಟ್ಯಾಕಲ್. ಮುಂದೆ, ಹಿಡಿಯೋನು ಮಂಡಿಯಲ್ಲಿ, ಚೆಂಡಿನವನು ನಡಿಗೆಯಲ್ಲಿ. ಆಮೇಲೆ ಇಬ್ಬರೂ ನಡಿಗೆ, ಆಮೇಲೆ ನಿಧಾನ ಓಟ. ಎದುರಾಬದುರು ಓಡಿಸಿ ಗುದ್ದಿಸೋ ಡ್ರಿಲ್ ಯಾವತ್ತೂ ಬೇಡ. ಅದರಿಂದ ಕಲಿಯೋದು ಏನೂ ಇಲ್ಲ.

ಹಿಡಿಯೋವಾಗ ಕಣ್ಣು ತೆರೆದಿರಬೇಕು, ಬೆನ್ನು ನೇರ, ಗದ್ದ ಎದೆಯಿಂದ ಮೇಲೆ. ಯಾವ ಭುಜ ಹೊಡೆಯುತ್ತೋ ಅದೇ ಕಡೆಯ ಪಾದ ಎದುರಾಳಿಯ ಹತ್ತಿರ ಊರಬೇಕು. ತಲೆ ಅವನ ದೇಹದ ಹಿಂಬದಿಗೆ. ಇಂಗ್ಲಿಷ್ ಕೋಚುಗಳು ಚೀಕ್ ಟು ಚೀಕ್ ಅಂತಾರೆ. ನಾನು "ಕೆನ್ನೆ ಕುಂಡಿಗೆ" ಅಂತೀನಿ. ಮಕ್ಕಳು ನಕ್ಕು ನಕ್ಕು ಸುಸ್ತಾಗ್ತಾರೆ, ಆದರೆ ಮರೆಯಲ್ಲ. ಕೊನೆಗೆ ಎರಡೂ ಕೈ ಸುತ್ತಿ ಬಿಗಿದು, ನೆಲ ತುಳೀತಾ ಮುಂದಕ್ಕೆ ತಳ್ತಾ ಇರೋದು. ಇದನ್ನ ಎಡ ಭುಜಕ್ಕೂ ಬಲ ಭುಜಕ್ಕೂ ಸಮ ಸಮ ಮಾಡಿಸಿ. ಬಲಗೈ ಹುಡುಗರು ಎಡಕ್ಕೆ ಬಂದವನನ್ನೂ ಬಲ ಭುಜದಲ್ಲೇ ಹಿಡಿಯೋಕೆ ಹೋಗ್ತಾರೆ, ಆಗ ತಲೆ ಎದುರಾಳಿಯ ಮುಂದೆ ಅಡ್ಡ ಸಿಕ್ಕಿಬೀಳುತ್ತೆ. ನಾನು ನೋಡಿದ ಕೆಟ್ಟ ಪೆಟ್ಟುಗಳಲ್ಲಿ ಹೆಚ್ಚಿನವು ಹೀಗೇ ಆದದ್ದು.

ಕಬಡ್ಡಿ_ಕಾರ್ನರ್
ಥೈ ಹೋಲ್ಡ್ ಆದ್ರೂ ನಡೀತದಲ್ರೀ?

ಹಳೇ_ಫ್ಲೈಹಾಫ್
ಥೈ ಹೋಲ್ಡ್ ಚಿನ್ನ. ಪಕ್ಕದಿಂದ, ತಲೆ ಹಿಂದೆ ಇಟ್ಟು. ಈಗ ಎಲ್ಲಾ ಕಡೆ ಟ್ಯಾಕಲ್ ಎತ್ತರ ಕೆಳಗಿಳಿಸ್ತಿದಾರೆ. ಇಂಗ್ಲೆಂಡಿನ ಕ್ಲಬ್, ಶಾಲೆ ಮಟ್ಟದಲ್ಲಿ 2023ರಿಂದ ಎದೆಮೂಳೆಯ ಕೆಳಗೇ ಹಿಡಿಯಬೇಕು. ಫ್ರಾನ್ಸಿನಲ್ಲಿ ಹವ್ಯಾಸಿಗಳಿಗೆ ಸೊಂಟದ ಗೆರೆ, ಅದು 2019ರಲ್ಲೇ ಬಂತು.

ಮಂಗಳೂರು_ಟು_ಮಾರತ್ತಹಳ್ಳಿ
ಗ್ರೌಂಡಿನ ಬಗ್ಗೆ ಯಾರೂ ಮಾತಾಡ್ಲಿಲ್ಲ ಮಾರಾಯ್ರೆ. ಗಟ್ಟಿ ಮಣ್ಣಿನ ಮೇಲೆ ಟ್ಯಾಕಲ್ ಬೇಡವೇ ಬೇಡ. ಶಾಲೆಯಲ್ಲಿ ಲಾಂಗ್ ಜಂಪ್ ಪಿಟ್ ಉಂಟಲ್ಲ, ಮರಳು ಕೆದಕಿ ಸಡಿಲ ಮಾಡಿ ಮಂಡಿ ಟ್ಯಾಕಲ್ ಅಲ್ಲಿ ಮಾಡಿಸಿ. ಇಲ್ಲದಿದ್ದರೆ ಜೂಡೋ ಮ್ಯಾಟ್. ಪೇಟೆ ಕಡೆ ಹಳೇ ಗರಡಿಮನೆಗಳಿವೆ, ಅಲ್ಲಿಯ ಮಣ್ಣು ಬೀಳೋದು ಕಲಿಯಲಿಕ್ಕೆ ಅಂತಲೇ ಹದ ಮಾಡಿದ್ದು. ಉಸ್ತಾದರನ್ನ ಕೇಳಿದರೆ ಬೇಡ ಅನ್ನಲಿಕ್ಕಿಲ್ಲ.

ಬಿಸಿಬೇಳೆ_ಬ್ರೋ
ಟರ್ಫ್ ಬುಕ್ ಮಾಡಿ ಸರ್, ಗಲ್ಲಿಗೊಂದು ಇದೆ. ಗಂಟೆಗೆ ಕೊಡೋ ದುಡ್ಡಲ್ಲಿ ಇಡೀ ಟೀಮಿಗೆ ಮಸಾಲೆ ದೋಸೆ ಕೊಡಿಸಬಹುದು, ಅದು ಬೇರೆ ವಿಷಯ.

ಫಿಸಿಯೋ_ಅಕ್ಕ
ಫೈವ್ ಎ ಸೈಡ್ ಫುಟ್‌ಬಾಲ್ ಟರ್ಫಿನಲ್ಲಿ ಟ್ಯಾಗ್ ಆಡಿಸಿ, ಟ್ಯಾಕಲ್ ಬೇಡ. ಕೆಳಗೆ ಕಾಂಕ್ರೀಟು, ಮೇಲೆ ತೆಳ್ಳಗೆ ಹಸಿರು ಹಾಸು, ಅಷ್ಟೇ. ರಗ್ಬಿ ಆಡಿಸೋ ಕೃತಕ ಟರ್ಫಿಗೆ ವರ್ಲ್ಡ್ ರಗ್ಬಿಯದ್ದೇ ಬೇರೆ ಗುಣಮಟ್ಟ ಇದೆ, ಬಿದ್ದ ತಲೆಗೆ ಎಷ್ಟು ಆಘಾತ ಆಗುತ್ತೆ ಅಂತ ಅಳೆದು ನೋಡ್ತಾರೆ. ಮೇಲಾಗಿ ಚರ್ಮ ಹೀಗೆ ಸುಲಿಯುತ್ತೆ ಅಂದ್ರೆ, ಸ್ನಾನ ಮಾಡೋವಾಗ ಅಮ್ಮಂದಿರು ನಿಮ್ಮನ್ನ ಬೈತಾರೆ.

ಬನಶಂಕರಿ_ಬಾಯ್
ಹಿಂದಿನ ದಿನ ಗ್ರೌಂಡಿಗೆ ನೀರು ಹೊಡೆದರೆ ಆಯ್ತಪ್ಪ.

ಮಂಗಳೂರು_ಟು_ಮಾರತ್ತಹಳ್ಳಿ
ಯಾವ ನೀರು? 2024ರ ಮಾರ್ಚ್‌ನಲ್ಲಿ ಜಲಮಂಡಳಿಯವರು ಕಾರು ತೊಳೆದರೆ, ಗಿಡಕ್ಕೆ ಕುಡಿಯೋ ನೀರು ಹಾಕಿದರೆ 5000 ರೂಪಾಯಿ ದಂಡ ಅಂತ ಹೇಳಿದ್ದು ನೆನಪಿಲ್ಲವಾ? ಜೂನ್‌ನಿಂದ ಅಕ್ಟೋಬರ್ ತನಕ ಮಳೆ ತಾನೇ ನೆಲ ಮೆತ್ತಗೆ ಮಾಡ್ತದೆ, ಟ್ಯಾಕಲ್ ಆಗ ಕಲಿಸಿ. ಬೇಸಿಗೆಯಲ್ಲಿ ಪಾಸಿಂಗು, ಟ್ಯಾಗು.

ಇಬ್ಬರು_ಮಕ್ಕಳ_ತಾಯಿ
ಇಲ್ಲಿ ತಿಳಿದವರು ಇದ್ದೀರ ಅಂತ ಕೇಳ್ತಿದೀನಿ. ನನ್ನ ಮಗ ಒಂಬತ್ತನೇ ಕ್ಲಾಸು. ಹೋದ ಶನಿವಾರ ಒಂದು ಅಕಾಡೆಮಿಯ ಪ್ರಾಕ್ಟೀಸಿನಲ್ಲಿ ತಲೆಗೆ ಪೆಟ್ಟಾಯ್ತು. ಪ್ರಜ್ಞೆ ತಪ್ಪಲಿಲ್ಲ, ಆದರೆ ಸ್ವಲ್ಪ ಹೊತ್ತು ಕೇಳಿದ್ದನ್ನೇ ಕೇಳ್ತಿದ್ದ. ಆಸ್ಪತ್ರೆಗೆ ಹೋದ್ವಿ, ಸಿಟಿ ಸ್ಕ್ಯಾನ್ ನಾರ್ಮಲ್. ಈಗ ಕೋಚು ಸ್ಕ್ಯಾನ್ ನಾರ್ಮಲ್ ಅಲ್ವಾ ಮೇಡಂ, ಬುಧವಾರ ಕಳಿಸಿ ಅಂತಿದಾರೆ. ಮಗನಿಗೆ ಓದೋಕೆ ಕೂತರೆ ತಲೆನೋವು. ಯೂನಿಟ್ ಟೆಸ್ಟ್ ಬೇರೆ ಇದೆ. ಏನು ಮಾಡಲಿ?

ಫಿಸಿಯೋ_ಅಕ್ಕ
ಅಕ್ಕ, ಬುಧವಾರ ಖಂಡಿತ ಕಳಿಸಬೇಡಿ. ಸ್ಕ್ಯಾನಿನಲ್ಲಿ ಕಾಣೋದು ರಕ್ತಸ್ರಾವ, ಮೂಳೆ ಮುರಿತ. ಕನ್ಕಷನ್, ಅಂದ್ರೆ ಪೆಟ್ಟಿಗೆ ಮೆದುಳು ಅಲುಗಿ ಅದರ ಕೆಲಸ ಏರುಪೇರಾಗೋದು, ಸ್ಕ್ಯಾನಿನಲ್ಲಿ ಕಾಣಲ್ಲ. ಸ್ಕ್ಯಾನ್ ನಾರ್ಮಲ್ ಬಂತು ಅಂತ ಕನ್ಕಷನ್ ಇಲ್ಲ ಅನ್ನೋಕಾಗಲ್ಲ. ಪ್ರಜ್ಞೆ ತಪ್ಪದೇನೇ ಬಹುಪಾಲು ಕನ್ಕಷನ್ ಆಗೋದು. ಕೇಳಿದ್ದನ್ನೇ ಕೇಳ್ತಿದ್ದ ಅಂದ್ರಲ್ಲ, ಅನುಮಾನಕ್ಕೆ ಅಷ್ಟೇ ಸಾಕು.

ಬ್ರಿಟನ್ನಿನಲ್ಲಿ 2023ರಲ್ಲಿ ಎಲ್ಲಾ ಹವ್ಯಾಸಿ ಆಟಗಳಿಗೂ ಸೇರಿ ಒಂದು ಮಾರ್ಗಸೂಚಿ ತಂದರು, ನಾನು ಅದನ್ನೇ ಹಿಡಿದು ನಡೆಯೋದು. ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಮೊಬೈಲು ಟೀವಿ ಆದಷ್ಟು ಕಮ್ಮಿ, ಮೊದಲ ದಿನ ಒಬ್ಬನೇ ಬಿಡಬಾರದು. ಆಮೇಲೆ ಮೆಲ್ಲಗೆ ನಡಿಗೆ, ಸ್ವಲ್ಪ ಸ್ವಲ್ಪ ಓದು. ಮೊದಲು ಶಾಲೆಗೆ ಪೂರ್ತಿ ಹೊಂದಿಕೊಳ್ಳಬೇಕು, ಆಟ ಆಮೇಲೆ. ಡಿಕ್ಕಿ ಇರೋ ಪಂದ್ಯಕ್ಕೆ 21 ದಿನಕ್ಕಿಂತ ಮೊದಲು ಇಳಿಯೋ ಹಾಗಿಲ್ಲ, ಅದೂ 14 ದಿನ ಯಾವ ಲಕ್ಷಣವೂ ಇಲ್ಲದೆ ಕಳೆದಿದ್ದರೆ. ಹುಡುಗನಿಗೆ ಇನ್ನೂ ತಲೆನೋವಿದೆ ಅಂದ್ರೆ ಆ 14 ದಿನದ ಲೆಕ್ಕ ಇನ್ನೂ ಶುರುವೇ ಆಗಿಲ್ಲ.

ಯೂನಿಟ್ ಟೆಸ್ಟ್ ವಿಷಯ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ, ಇಪ್ಪತ್ತು ನಿಮಿಷ ಓದು, ಬಿಡುವು, ಮತ್ತೆ ಓದು ಅಂತ ಮಾಡಿ. ತಲೆನೋವು ಹೆಚ್ಚಾಗ್ತಾ ಹೋದರೆ, ಮೇಲಿಂದ ಮೇಲೆ ವಾಂತಿ, ಫಿಟ್ಸ್, ಕೈಕಾಲು ಜೋಮು, ಎರಡೆರಡು ಕಾಣೋದು, ಎಬ್ಬಿಸಿದರೂ ಏಳದಷ್ಟು ನಿದ್ದೆ, ಇದರಲ್ಲಿ ಯಾವುದೇ ಕಂಡರೂ ಫೋರಮ್ಮಿನಲ್ಲಿ ಕೇಳ್ತಾ ಕೂರಬೇಡಿ. ನಿಮ್ಹಾನ್ಸ್ ಆಗಲಿ, ಹತ್ತಿರದ ಎಮರ್ಜೆನ್ಸಿ ಆಗಲಿ, ತಕ್ಷಣ ಹೋಗಿ. ತಲೆನೋವು ವಾರ ಆದರೂ ಹೋಗಿಲ್ಲ ಅಂದ್ರೆ ಹೇಗಿದ್ರೂ ಇನ್ನೊಂದು ಸಲ ಡಾಕ್ಟರಿಗೆ ತೋರಿಸಿ.

ಮಲ್ಲೇಶ್ವರಂ_ಮಾವ
21 ದಿನ! ಅಷ್ಟರಲ್ಲಿ ಟೂರ್ನಮೆಂಟೇ ಮುಗಿದಿರುತ್ತೆ. ಸೆಲೆಕ್ಷನ್ ಇದ್ದರೆ ಏನು ಮಾಡ್ತೀರಿ?

ಹಳೇ_ಫ್ಲೈಹಾಫ್
ಸೆಲೆಕ್ಷನ್ ಬಿಡ್ತೀವಿ. 2011ರಲ್ಲಿ ಉತ್ತರ ಐರ್ಲೆಂಡಿನಲ್ಲಿ 14 ವರ್ಷದ ಹುಡುಗ, ಶಾಲೆಯ ಪಂದ್ಯ. ತಲೆಗೆ ಒಂದಲ್ಲ, ಒಂದಕ್ಕಿಂತ ಹೆಚ್ಚು ಸಲ ಪೆಟ್ಟು ಬಿತ್ತು, ಆದರೂ ಆಟ ಮುಂದುವರಿಸಿದ. ಮೈದಾನದಲ್ಲೇ ಕುಸಿದ, ಉಳೀಲಿಲ್ಲ. ಸೆಕೆಂಡ್ ಇಂಪ್ಯಾಕ್ಟ್ ಸಿಂಡ್ರೋಮ್ ಅಂತ ವಿಚಾರಣೆಯಲ್ಲಿ ಗೊತ್ತಾಯ್ತು. ಮೊದಲ ಪೆಟ್ಟಿನಿಂದ ಮೆದುಳು ಚೇತರಿಸಿಕೊಳ್ಳೋ ಮೊದಲೇ ಎರಡನೇದು ಬಿದ್ದರೆ ಅದು ಏಕಾಏಕಿ ಊದಿಕೊಳ್ಳುತ್ತೆ. ಅಪರೂಪ, ನಿಜ. ಆದರೆ ಆಗೋದು ಇದೇ ವಯಸ್ಸಿನವರಿಗೆ. ನಿಮ್ಮ ಮೊಮ್ಮಗನ ವಿಷಯದಲ್ಲಿ ಆ ರಿಸ್ಕ್ ತಗೋತೀರಾ ಮಾವ?

ಮಲ್ಲೇಶ್ವರಂ_ಮಾವ
ಅಯ್ಯೋ, ಅಷ್ಟು ದೂರ ಯಾಕೆ ಹೋಗ್ತೀರಿ. ನಾನು ಹೇಳಿದ್ದು ಸಣ್ಣಪುಟ್ಟ ಪೆಟ್ಟಿನ ಮಾತು.

ಫಿಸಿಯೋ_ಅಕ್ಕ
ಸಣ್ಣದೋ ದೊಡ್ಡದೋ ಅಂತ ಬೌಂಡರಿ ಲೈನಿನಲ್ಲಿ ನಿಂತು ಹೇಳೋಕೆ ಆಗಲ್ಲ, ಅದಕ್ಕೇ ಅನುಮಾನ ಬಂದ ಕೂಡಲೇ ಹೊರಗೆ ಕರೆಯೋದು. ಅವತ್ತು ಮತ್ತೆ ಆಟ ಇಲ್ಲ.

ಪಿಟಿ_ಮಾಸ್ಟರ್_ಕೆಂಗೇರಿ
ಇಲ್ಲೇ ನನ್ನ ಕಷ್ಟ ಇರೋದು ಮೇಡಂ. ಹುಡುಗ "ಏನಿಲ್ಲ ಸಾರ್, ಸರಿಯಾಗಿದೀನಿ" ಅಂತಾನೆ. ಅಪ್ಪ ಕಾಂಪೌಂಡ್ ಹತ್ತಿರ ನಿಂತು ಆಡಿಸಿ ಅಂತ ಕೂಗ್ತಾರೆ. ಕಬಡ್ಡಿಯಲ್ಲೇ ಇದನ್ನ ನೋಡಿದೀನಿ. ಆಗ ಏನು ಅಂತ ಪರೀಕ್ಷೆ ಮಾಡೋದು?

ಫಿಸಿಯೋ_ಅಕ್ಕ
ನೀವು ಪರೀಕ್ಷೆ ಮಾಡಿ ಪಾಸು ಫೇಲು ಹೇಳೋದು ಬೇಡ ಸರ್. ನಡಿಗೆ ತೂರಾಡಿದರೆ, ಏಳೋಕೆ ತಡ ಮಾಡಿದರೆ, ತಲೆ ಹಿಡ್ಕೊಂಡು ಕೂತರೆ, ಸುಮ್ಮನೆ ಶೂನ್ಯ ನೋಡ್ತಿದ್ದರೆ ಅಷ್ಟೇ ಸಾಕು. ಸಣ್ಣ ಮಕ್ಕಳಿಗೆ ಕೇಳೋ ಪ್ರಶ್ನೆಗಳಿವೆ: ಈಗ ಎಲ್ಲಿದೀವಿ, ಊಟ ಆಯ್ತಾ ಇನ್ನೂ ಆಗಬೇಕಾ, ಕೊನೇ ಪೀರಿಯಡ್ ಯಾವುದಿತ್ತು, ಟೀಚರ್ ಹೆಸರೇನು. ದೊಡ್ಡವರಿಗೆ, ಇದು ಯಾವ ಹಾಫು, ಕೊನೇ ಸ್ಕೋರ್ ಯಾರು ಮಾಡಿದ್ದು. ಒಂದು ತಪ್ಪಿದರೂ ಹೊರಗೆ. ಎಲ್ಲಾ ಸರಿ ಹೇಳಿದ, ಆದರೂ ನಿಮಗೆ ಅನುಮಾನ ಹೋಗಿಲ್ಲ ಅಂದ್ರೆ ಆಗಲೂ ಹೊರಗೆ. ಕುತ್ತಿಗೆ ನೋವು ಅಂದರೆ ಅಲುಗಾಡಿಸಬೇಡಿ, ನೀರು ಕುಡಿಸೋಕೆ ಅಂತ ಎಬ್ಬಿಸಿ ಕೂರಿಸೋದೂ ಬೇಡ. 108ಕ್ಕೆ ಫೋನ್ ಮಾಡಿ.

ಅಪ್ಪಂದಿರ ವಿಷಯ: ಸೀಸನ್ ಶುರುವಾಗೋ ಮೊದಲೇ ಕನ್ನಡದಲ್ಲಿ ಒಂದು ಪುಟ ಬರೆದು ಸಹಿ ಹಾಕಿಸಿಕೊಳ್ಳಿ. ತಲೆಪೆಟ್ಟಿನ ತೀರ್ಮಾನ ಮಾಸ್ಟರದ್ದೇ, ಅದರ ಮೇಲೆ ಮಾತಿಲ್ಲ ಅಂತ. ಹೆಡ್‌ಮಾಸ್ಟರ್ ಸಹಿಯೂ ಇರಲಿ. ಗಲಾಟೆ ಆದ ದಿನ ಆ ಕಾಗದ ನಿಮ್ಮ ಕೈಲಿರಬೇಕು.

ಇಬ್ಬರು_ಮಕ್ಕಳ_ತಾಯಿ
ತುಂಬಾ ಥ್ಯಾಂಕ್ಸ್ ಅಕ್ಕ. ಕೋಚಿಗೆ ಮೆಸೇಜ್ ಹಾಕಿದೀನಿ. "ನೀವು ಓವರ್ ಆಗಿ ಹೆದರ್ತಿದೀರ" ಅಂತ ಉತ್ತರ ಬಂತು.

ಫಿಸಿಯೋ_ಅಕ್ಕ
ಹೆದರ್ತೀನಿ ಅಂತಲೇ ಬರೀರಿ. ಕಳಿಸಬೇಡಿ.

ಎಂಇಜಿ_ರಿಟೈರ್ಡ್
ಫೌಜಿನಲ್ಲಿ ರಗ್ಬಿ ಆಡಿದವನು. ನಮ್ಮಲ್ಲಿ ಗಟ್ಟಿಮುಟ್ಟಾದ ಗಂಡಸರೇ ವಾರ್ಮಪ್ ಇಲ್ಲದೆ ಇಳಿದು ಕೀಲು ಕಿತ್ಕೊಂಡಿದಾರೆ. ಮಾಸ್ಟ್ರೇ, 'ಆ್ಯಕ್ಟಿವೇಟ್' ಅಂತ ಒಂದು ವ್ಯಾಯಾಮ ಕ್ರಮ ಇದೆ. ಬಾತ್ ಯೂನಿವರ್ಸಿಟಿ ಮತ್ತು ಇಂಗ್ಲೆಂಡ್ ರಗ್ಬಿಯವರು ಶಾಲಾ ಹುಡುಗರ ಮೇಲೇ ಮಾಡಿ ನೋಡಿದ್ದು. ಬ್ಯಾಲೆನ್ಸ್, ಜಿಗಿತ, ದಿಕ್ಕು ಬದಲಿಸೋದು, ಕುತ್ತಿಗೆಗೆ ಬಲ ಬರೋ ಕಸರತ್ತು, ಒಟ್ಟು ಇಪ್ಪತ್ತು ನಿಮಿಷ. ಗಾಯ 72 ಪರ್ಸೆಂಟ್ ಕಮ್ಮಿ ಆಗಿತ್ತಂತೆ.

ಡೇಟಾ_ದೊರೆ
ಸರ್, ಆ 72 ವಾರಕ್ಕೆ ಮೂರು ಸಲವಾದರೂ ತಪ್ಪದೆ ಮಾಡಿದ ಶಾಲೆಗಳ ಲೆಕ್ಕ. ಅದೇ ಶಾಲೆಗಳಲ್ಲಿ ಕನ್ಕಷನ್ 59 ಪರ್ಸೆಂಟ್ ಕಮ್ಮಿ. ಎಲ್ಲಾ ಶಾಲೆ ಒಟ್ಟಿಗೆ ಹಿಡಿದರೆ ಒಟ್ಟಾರೆ ಗಾಯದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಬರಲಿಲ್ಲ. ಅಂದ್ರೆ ಶನಿವಾರ ಒಂದಿನ ಮಾಡಿಸಿ ಫೋಟೋ ಹಾಕಿದರೆ ಪ್ರಯೋಜನ ಇಲ್ಲ.

ಎಂಇಜಿ_ರಿಟೈರ್ಡ್
ಸರಿ ತಮ್ಮ, ತಿದ್ದಿದ್ದಕ್ಕೆ ಶಾಬಾಶ್.

ಬಿಸಿಬೇಳೆ_ಬ್ರೋ
ಪ್ರೀಮಿಯರ್ ಲೀಗಲ್ಲಿ ನಮ್ಮ ಬೆಂಗಳೂರು ಬ್ರೇವ್‌ಹಾರ್ಟ್ಸ್ ಇದ್ರೂ ಕಪ್ ಎತ್ತಿದ್ದು ಚೆನ್ನೈ ಬುಲ್ಸ್. ಕ್ರಿಕೆಟ್ಟಲ್ಲಿ ಮುಗೀತು ಅಂದ್ಕೊಂಡ್ರೆ ಇಲ್ಲೂ ಚೆನ್ನೈ ಕಾಟ.

ಬನಶಂಕರಿ_ಬಾಯ್
ಈ ಸಲ ಕಪ್ ನಮ್ದೇ

ಮಲ್ಲೇಶ್ವರಂ_ಮಾವ
ಕಪ್ ಅಂದ್ರಲ್ಲ, ಇಂಗ್ಲೆಂಡು, ಸ್ಕಾಟ್ಲೆಂಡು ಇವತ್ತಿಗೂ ಕಿತ್ತಾಡೋ ಕಲ್ಕತ್ತಾ ಕಪ್ ನಮ್ಮ ದೇಶದ್ದು, ಗೊತ್ತಾ? 1870ರ ದಶಕದಲ್ಲಿ ಕಲ್ಕತ್ತಾದ ಕ್ಲಬ್ ಮುಚ್ಚಿದಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನೇ ಕರಗಿಸಿ ಮಾಡಿಸಿದ್ದು. ಹಿಡಿಕೆಗಳು ನಾಗರಹಾವು, ಮುಚ್ಚಳದ ಮೇಲೆ ಆನೆ.

ಅಡ್ಮಿನ್
ವಿಷಯಕ್ಕೆ ಬನ್ನಿ. ಆನೆ, ಐಪಿಎಲ್ ಎರಡಕ್ಕೂ ಬೇರೆ ಥ್ರೆಡ್ ಇದೆ.

ಜಾಗಿಂಗ್_ಜಾನಕಿ
ಹುಡುಗ ಹುಡುಗ ಅಂತಲೇ ಎಲ್ಲರೂ ಬರೀತಿದೀರ. ಹುಡುಗೀರನ್ನ ಸೇರಿಸ್ತೀರ ತಾನೇ ಸರ್? 2019ರಲ್ಲಿ ಮನಿಲಾದಲ್ಲಿ ಸಿಂಗಾಪುರವನ್ನ 21-19ರಲ್ಲಿ ಸೋಲಿಸಿ ನಮ್ಮ ಮಹಿಳಾ ತಂಡ, ತಂಡಕ್ಕೆ ಹದಿನೈದು ಜನರ ಆಟದಲ್ಲಿ ತನ್ನ ಮೊದಲ ಅಂತರರಾಷ್ಟ್ರೀಯ ಗೆಲುವು ಕಂಡಿತು. ಒಡಿಶಾ, ಬಿಹಾರದ ಹಳ್ಳಿಗಳಿಂದ ಹುಡುಗಿಯರು ಬಂದು ದೇಶಕ್ಕೆ ಆಡ್ತಿದ್ದಾರೆ.

ಪಿಟಿ_ಮಾಸ್ಟರ್_ಕೆಂಗೇರಿ
ಖೋಖೋ ಹುಡುಗೀರು ಆಗಲೇ ಹೆಸರು ಕೊಟ್ಟಿದಾರೆ ಮೇಡಂ. ಅವರ ಡೈವ್ ಮುಂದೆ ಹುಡುಗರು ಏನೂ ಅಲ್ಲ. ಟ್ಯಾಗ್ ಒಟ್ಟಿಗೇ ಆಡಿಸ್ತೀನಿ, ಟ್ಯಾಕಲ್ ಹುಡುಗೀರು ಹುಡುಗೀರಿಗೇ. ಆದರೆ ಗಾತ್ರದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಹಳೇ_ಫ್ಲೈಹಾಫ್
ಕ್ಲಾಸ್ ನೋಡಿ ಜೋಡಿ ಮಾಡಬೇಡಿ, ತೂಕ ಮತ್ತು ಅನುಭವ ನೋಡಿ. ನ್ಯೂಜಿಲೆಂಡಲ್ಲಿ ಮಕ್ಕಳಿಗೆ ತೂಕದ ಗುಂಪುಗಳೇ ಇವೆ. ಏಳನೇ ಕ್ಲಾಸಿನಲ್ಲೇ ಮೀಸೆ ಬಂದವನು ಎಂಟನೇ ಕ್ಲಾಸಿನ ಪುಟಾಣಿ ಮೇಲೆ ಬೀಳೋದು ಬೇಡ. ಆ ದೊಡ್ಡ ಹುಡುಗನಿಗೂ ಅದರಿಂದ ನಷ್ಟ. ತೂಕದಿಂದಲೇ ಗೆದ್ದು ಅಭ್ಯಾಸ ಆದವನು ಪಾಸು ಕಲಿಯಲ್ಲ, ಉಳಿದವರು ಅವನಷ್ಟೇ ಬೆಳೆದ ಮೇಲೆ ಆಟ ಬಿಟ್ಟು ಹೋಗ್ತಾನೆ.

ಸ್ಕ್ರಮ್ಮನ್ನ, ಅಂದ್ರೆ ಎರಡೂ ತಂಡದವರು ಬಗ್ಗಿ ಭುಜಕ್ಕೆ ಭುಜ ಕೊಟ್ಟು ಚೆಂಡಿಗಾಗಿ ಸೆಣಸೋದನ್ನ, ತಳ್ಳಾಟ ಇಲ್ಲದೆ ಮಾಡಿ. ಸೆವೆನ್ಸ್ (ತಂಡಕ್ಕೆ ಏಳು ಜನರ ಆಟ) ಆಡಿಸೋದಾದರೆ ಸ್ಕ್ರಮ್ಮಿಗೆ ಮೂರು ಮೂರು ಜನ, ಸುಮ್ಮನೆ ಹಿಡ್ಕೊಂಡು ಚೆಂಡು ಹಿಂದೆ ಹೊಡೆಯೋದು. 19ರೊಳಗಿನವರಿಗೂ ಒಂದೂವರೆ ಮೀಟರಿಗಿಂತ ಹೆಚ್ಚು ತಳ್ಳೋ ಹಾಗಿಲ್ಲ.

ಹಲ್ಲಿನ_ಡಾಕ್ಟ್ರು
ಮೌತ್‌ಗಾರ್ಡ್ ಕಡ್ಡಾಯ ಮಾಡಿ. ಬಿಸಿನೀರಲ್ಲಿ ಅದ್ದಿ ಕಚ್ಚೋ ಥರದ್ದು ಸಿಗುತ್ತೆ, ಅದು ಸಾಕು. ಹಲ್ಲು ಉಳಿಯುತ್ತೆ. ಕನ್ಕಷನ್ ತಡೆಯುತ್ತೆ ಅಂತ ಮಾತ್ರ ನಂಬಬೇಡಿ. ಮೆತ್ತನೆ ತಲೆಟೋಪಿ ಇದೆಯಲ್ಲ, ಸ್ಕ್ರಮ್ ಕ್ಯಾಪ್, ಅದೂ ಅಷ್ಟೇ. ಕಿವಿ, ನೆತ್ತಿಯ ಗಾಯ ತಡೆಯುತ್ತೆ. ಅದನ್ನ ಹಾಕ್ಕೊಂಡು ಇನ್ನೂ ಜೋರಾಗಿ ನುಗ್ಗೋ ಮಕ್ಕಳಿದಾರೆ.

ಹಲ್ಲು ಬುಡಸಮೇತ ಬಂದರೆ ಬೇರು ಮುಟ್ಟಬೇಡಿ, ಉಜ್ಜಬೇಡಿ. ಹಾಲಿನಲ್ಲಿ ಹಾಕ್ಕೊಂಡು ಓಡಿ ಬನ್ನಿ. ಗೇಟಿನ ಹತ್ತಿರ ನಂದಿನಿ ಬೂತ್ ಇದ್ದೇ ಇರುತ್ತೆ. ಒಂದು ಗಂಟೆಯೊಳಗೆ ಬಂದರೆ ಕೂರಿಸೋ ಅವಕಾಶ ಚೆನ್ನಾಗಿರುತ್ತೆ.

ಬಿಸಿಬೇಳೆ_ಬ್ರೋ
ಬ್ಲೂ ಪ್ಯಾಕೆಟ್ಟಾ ಆರೆಂಜಾ ಡಾಕ್ಟ್ರೇ

ಹಲ್ಲಿನ_ಡಾಕ್ಟ್ರು
ಯಾವುದಾದರೂ ಸರಿ, ಕಾಯಿಸಿ ಬಿಸಿ ಇರೋದು ಬೇಡ.

ಪಿಟಿ_ಮಾಸ್ಟರ್_ಕೆಂಗೇರಿ
ಎಲ್ಲರಿಗೂ ಕೃತಜ್ಞತೆ. ಮ್ಯಾನೇಜ್‌ಮೆಂಟಿಗೆ ಹೇಳಿದೀನಿ: ಈ ವರ್ಷ ಅಂತರಶಾಲಾ ಟ್ಯಾಕಲ್ ಪಂದ್ಯಕ್ಕೆ ಟೀಮ್ ಕಳಿಸಲ್ಲ, ಟ್ಯಾಗ್ ಮಾತ್ರ. ಮುಖ ಸಪ್ಪಗೆ ಮಾಡಿದರು. ಬೇರೆ ಶಾಲೆ ಕಪ್ ತಂದರೆ ಏನು ಹೇಳ್ತೀರಿ ಅಂದರು. ಮಳೆಗಾಲದಲ್ಲಿ ಮಂಡಿ ಟ್ಯಾಕಲ್ ಶುರು, ಲಾಂಗ್ ಜಂಪ್ ಪಿಟ್‌ನಲ್ಲಿ. ಟ್ಯಾಗ್ ಬೆಲ್ಟಿಗೆ ಚಿಕ್ಕಪೇಟೆಯಲ್ಲಿ ವೆಲ್ಕ್ರೋ ತಂದು ಟೈಲರ್ ಹತ್ತಿರ ಹೊಲಿಸ್ತೀನಿ. ಚೆಂಡು ಯಾವ ಸೈಜು ತಗೊಳ್ಳಲಿ?

ಹಳೇ_ಫ್ಲೈಹಾಫ್
14ರ ತನಕ ಸೈಜ್ 4, ಅದಕ್ಕಿಂತ ದೊಡ್ಡವರಿಗೆ 5. ಎರಡೂ ತಗೊಳ್ಳಿ. ಮೀರತ್, ಜಲಂಧರ್ ಮಾಲು ಕಲಿಯೋಕೆ ಧಾರಾಳ ಸಾಕು. ನುಣುಪು ಚೆಂಡು ಬೇಡ, ಮೇಲೆ ಸಣ್ಣ ಗುಳ್ಳೆ ಇರೋದು ನೋಡಿ. ಅಂಗಡಿಯವನು ದೊಡ್ಡ ಚೆಂಡು ತಗೊಂಡರೆ ಎಲ್ಲರಿಗೂ ಆಗುತ್ತೆ ಸಾರ್ ಅಂತಾನೆ, ಕಿವಿಗೆ ಹಾಕ್ಕೋಬೇಡಿ. ಆರನೇ ಕ್ಲಾಸಿನವನ ಕೈಗೆ 5 ಕೊಟ್ಟರೆ ಎದೆಗವಚಿಕೊಂಡು ತಲೆ ತಗ್ಗಿಸಿ ಓಡ್ತಾನೆ, ಪಾಸ್ ಮಾಡಲ್ಲ.

ಕಬಡ್ಡಿ_ಕಾರ್ನರ್
ಎಲ್ಲಾ ಒಪ್ಪಿದೆ, ಆ್ಯಂಕಲ್ ಹೋಲ್ಡ್ ಒಂದು ಬಿಟ್ಟು. ಹಿಂದಿಂದ ಓಡಿ ಬಂದು ಕೈಲೆ ಪಾದಕ್ಕ ತಟ್ಟಿದ್ರ ಏನಾಗ್ತದ ಹೇಳ್ರಿ?

ಹಳೇ_ಫ್ಲೈಹಾಫ್
ಅದು ಆ್ಯಂಕಲ್ ಟ್ಯಾಪ್, ನಿಯಮಕ್ಕೆ ವಿರುದ್ಧ ಅಲ್ಲ. ಹಿಂದಿನಿಂದ, ಬರೀ ಕೈಯಲ್ಲಿ, ತಲೆ ಪಕ್ಕಕ್ಕಿಟ್ಟು ತಟ್ಟಿದರೆ ನನ್ನ ತಕರಾರಿಲ್ಲ.

ಕಬಡ್ಡಿ_ಕಾರ್ನರ್
ಮತ್ತ ಅದನ್ನ ಮೊದಲೇ ಹೇಳಬಾರದೇನ್ರಿ! ಮಾಸ್ಟ್ರ, ಭಾನುವಾರ ಕೆಂಗೇರಿಗೆ ಬರ್ತೀನಿ. ಎಷ್ಟು ಗಂಟೆಗೆ?

ಪಿಟಿ_ಮಾಸ್ಟರ್_ಕೆಂಗೇರಿ
ಬೆಳಗ್ಗೆ ಆರೂವರೆಗೆ ಬನ್ನಿ. ಎಂಟರ ಮೇಲೆ ಗ್ರೌಂಡು ಕ್ರಿಕೆಟ್‌ನವರ ಕೈಗೆ ಹೋಗುತ್ತೆ.